ಎಡಗಾಲಿನಲ್ಲೇ ಮರುಕಳಿಸುವ ಹೆಪ್ಪು
ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಲು ದೀರ್ಘ ಪ್ರಯಾಣ, ಹೆರಿಗೆ, ಶಸ್ತ್ರಚಿಕಿತ್ಸೆಗಳು ಕಾರಣವೆಂದು ವಿವರಿಸಿದ ಲೇಖನವೊಂದು, ಎಡಗಾಲಿನ ರಕ್ತನಾಳ ಕಿಬ್ಬೊಟ್ಟೆಯೊಳಗೆ ಒತ್ತಲ್ಪಡುವ ಮೇ-ಥರ್ನರ್ ಸಿಂಡ್ರೋಮ್ ಎಂಬ ತೊಂದರೆಯನ್ನು ಬಿಟ್ಟಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಉಡುಪಿಯಲ್ಲಿರುವ ನನ್ನ ತಂಗಿಗೆ ಎರಡು ವರ್ಷಗಳಲ್ಲಿ ಮೂರು ಬಾರಿ ಎಡಗಾಲು ತೊಡೆಯವರೆಗೆ ಬಾತುಕೊಂಡಿತು; ಪ್ರತಿ ಸಲವೂ ಹೆಪ್ಪುಗಟ್ಟದಂತೆ ಮಾತ್ರೆ ಕೊಟ್ಟರೇ ಹೊರತು, ಅದೇ ಕಾಲಿಗೇ ಏಕೆ ಎಂದು ಯಾರೂ ಯೋಚಿಸಲಿಲ್ಲ. ಈ ಸಿಂಡ್ರೋಮ್‌ನಲ್ಲಿ ಬಲಗಾಲಿನತ್ತ ರಕ್ತ ಒಯ್ಯುವ ಇಲಿಯಾಕ್ ಅಪಧಮನಿಯು, ಎಡಗಾಲಿನ ರಕ್ತವನ್ನು ಮೇಲಕ್ಕೆ ಒಯ್ಯುವ ಅಭಿಧಮನಿಯನ್ನು ಅಡ್ಡಹಾಯುವಲ್ಲಿ ಅದನ್ನು ಸೊಂಟದ ಕಶೇರುವಿಗೆ ಒತ್ತುತ್ತದೆ. ವರ್ಷಗಟ್ಟಲೆ ಬಡಿಯುವ ಆ ಮಿಡಿತಕ್ಕೆ ಅಭಿಧಮನಿಯ ಒಳಗೋಡೆ ದಪ್ಪಗಾಗಿ, ಹರಿವು ಮಂದವಾಗಿ, ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚುತ್ತದೆ. ಮೇ ಮತ್ತು ಥರ್ನರ್ ಎಂಬ ವೈದ್ಯರು ಇದನ್ನು 1957ರಲ್ಲಿಯೇ ವಿವರಿಸಿದ್ದರು. ತೊಂದರೆಯ ಮೂಲ ಕಿಬ್ಬೊಟ್ಟೆಯೊಳಗೆ ಇರುವುದರಿಂದ ಧ್ವನಿತರಂಗಗಳಿಂದ ರಕ್ತದ ಹರಿವನ್ನು ನೋಡುವ ಕಾಲಿನ ಡಾಪ್ಲರ್ ಪರೀಕ್ಷೆಯೊಂದರಲ್ಲೇ ಅದು ಕಾಣದೆ ಹೋಗಬಹುದು. ತಂಗಿಯ ವಿಷಯದಲ್ಲಿ ಮಂಗಳೂರಿನಲ್ಲಿ ಮಾಡಿಸಿದ ಸಿಟಿ ವೆನೋಗ್ರಫಿ (ಅಭಿಧಮನಿಗಳ ಸಿಟಿ ಸ್ಕ್ಯಾನ್) ಅದನ್ನು ತೋರಿಸಿತು, ಬಳಿಕ ನಾಳವನ್ನು ತೆರೆದಿಡುವ ಸ್ಟೆಂಟ್ ಎಂಬ ಜಾಲರಿ ಕೊಳವೆಯನ್ನು ಅಳವಡಿಸಿದರು. ಇಂಥ ಒತ್ತಡ ಯಾವ ತೊಂದರೆಯೂ ಇಲ್ಲದ ಅನೇಕರಲ್ಲಿಯೂ ಇರುತ್ತದೆ, ಆದ್ದರಿಂದ ಎಲ್ಲರೂ ಹೆದರಬೇಕಾಗಿಲ್ಲ. ಆದರೆ ಎಡಗಾಲಿನಲ್ಲಿಯೇ ಹೆಪ್ಪು ಮರುಕಳಿಸುತ್ತಿದ್ದರೆ, ವಿಶೇಷವಾಗಿ ಎಳೆಯ ಪ್ರಾಯದ ಹೆಣ್ಣುಮಕ್ಕಳಲ್ಲಿ, ಕಿಬ್ಬೊಟ್ಟೆಯ ಅಭಿಧಮನಿಗಳನ್ನೂ ಪರೀಕ್ಷಿಸಬೇಕೇ ಎಂದು ವೈದ್ಯರನ್ನು ದಯವಿಟ್ಟು ಕೇಳಿರಿ.