ಶನಿವಾರ ರಾತ್ರಿಯವರೆಗೆ "ಹೋಗಿರಿ" ಎನ್ನುವವರಿಲ್ಲ

ಈಸ್ಟರ್‌ಗೆಂದು ರಜೆ ಹಾಕುವವರಲ್ಲಿ ಹೆಚ್ಚಿನವರು ಹಬ್ಬ ಮುಗಿದ ಮೇಲಿನ ದಿನಗಳನ್ನು ಕೇಳುತ್ತಾರೆ. ನಾನು ಹಬ್ಬದ ಹಿಂದಿನ ವಾರವನ್ನೇ ಪೂರ್ತಿಯಾಗಿ ಕೇಳುತ್ತೇನೆ. ಈ ಸಲವೂ ಹಾಗೆಯೇ ಮಾಡಿದೆ. ಕೆಲಸಕ್ಕೆ ಮರಳಿದ ದಿನ ಸಹೋದ್ಯೋಗಿಯೊಬ್ಬರು ನನ್ನ ಕೆಂಪಾದ ಕಣ್ಣುಗಳನ್ನು ನೋಡಿ, "ರಜೆಯಲ್ಲಿ ನಿದ್ದೆಯನ್ನೇ ಮಾಡಲಿಲ್ಲವೇ? ಇಂಥ ರಜೆ ಯಾಕೆ ಬೇಕಿತ್ತು ನಿಮಗೆ?" ಎಂದು ಕಳಕಳಿಯಿಂದ ಕೇಳಿದರು. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಉತ್ತರ ಅದಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಕಥೋಲಿಕ ದೇವಾಲಯದಲ್ಲಿ ಪವಿತ್ರ ಗುರುವಾರ, ಅಂದರೆ ಈಸ್ಟರ್‌ಗೆ ಮುಂಚಿನ ಗುರುವಾರ, ಸಂಜೆಯ ಬಲಿಪೂಜೆಗೆ (ಮಾಸ್) ಬಂದವರು ಒಂದು ವಿಷಯವನ್ನು ಗಮನಿಸಿರಬಹುದು. ಬೇರೆ ದಿನಗಳಲ್ಲಿ ಪೂಜೆಯ ಕೊನೆಗೆ ಗುರುಗಳು ಆಶೀರ್ವದಿಸಿ, ಸಮಾಧಾನದಿಂದ ಹೋಗಿರಿ ಎಂದು ಜನರನ್ನು ಬೀಳ್ಕೊಡುತ್ತಾರೆ. ಗುರುವಾರ ಆ ಮಾತು ಬರುವುದೇ ಇಲ್ಲ. ಪರಮಪ್ರಸಾದವನ್ನು, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯನ್ನು, ಮೆರವಣಿಗೆಯಲ್ಲಿ ಬೇರೊಂದು ಪೀಠಕ್ಕೆ ಒಯ್ದು ಇರಿಸುತ್ತಾರೆ, ಬಲಿಪೀಠದ ವಸ್ತ್ರಗಳನ್ನೆಲ್ಲ ತೆಗೆಯುತ್ತಾರೆ, ಜನ ಮೌನವಾಗಿ ಜಾಗರಣೆಗೆ ಕೂರುತ್ತಾರೆ. ಶುಭ ಶುಕ್ರವಾರದ ಆರಾಧನೆಗೆ ಸ್ವಾಗತದ ಮಾತೂ ಇರುವುದಿಲ್ಲ. ಗುರುಗಳು ಸದ್ದಿಲ್ಲದೆ ಬಂದು ಬರಿದಾದ ಬಲಿಪೀಠದ ಮುಂದೆ ಸಾಷ್ಟಾಂಗ ಬೀಳುತ್ತಾರೆ. ಅದರ ಕೊನೆಯಲ್ಲೂ ಬೀಳ್ಕೊಡುಗೆ ಇಲ್ಲ. "ಹೋಗಿರಿ" ಎಂಬ ಮಾತು ದೇವರನ್ನು ಸ್ತುತಿಸುವ ಎರಡು ಅಲ್ಲೆಲೂಯಗಳೊಂದಿಗೆ ಮತ್ತೆ ಕಿವಿಗೆ ಬೀಳುವುದು ಶನಿವಾರ ರಾತ್ರಿಯ ಪಾಸ್ಕ (ಈಸ್ಟರ್) ಜಾಗರಣೆ ಮುಗಿದಾಗಲೇ. ಗುರುವಾರ ಸಂಜೆ ಆರಂಭವಾದದ್ದು ಅಲ್ಲಿಯವರೆಗೂ ಒಂದೇ ಆರಾಧನೆ. ನಡುವೆ ನಾವು ಮನೆಗೆ ಹೋಗುತ್ತೇವೆ, ಮಲಗುತ್ತೇವೆ. ಆದರೆ ನಮ್ಮನ್ನು ಯಾರೂ ಕಳುಹಿಸಿಕೊಟ್ಟಿರುವುದಿಲ್ಲ. ಇದು ಮನಸ್ಸಿಗೆ ಇಳಿದ ಮೇಲೆ, ಮುಗಿಯದ ಪೂಜೆಯ ನಡುವೆ ಎದ್ದು ಹೋಗಿ ಕಚೇರಿಯ ಇಮೇಲ್‌ಗಳಿಗೆ ಉತ್ತರ ಬರೆದು ಮತ್ತೆ ಬಂದು ಕೂರುವುದು ನನ್ನಿಂದ ಆಗಲಿಲ್ಲ. ನಾನು ರಜೆ ಹಾಕುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವೇನೂ ಇಲ್ಲ.

ಹಿಂದೆ ಈ ಬಿಡುವನ್ನು ಒಬ್ಬೊಬ್ಬರೇ ಮೇಲಧಿಕಾರಿಯ ಬಳಿ ಕೇಳಿ ಪಡೆಯಬೇಕಾಗಿರಲಿಲ್ಲ. ಮಧ್ಯಯುಗದ ಯೂರೋಪಿನಲ್ಲಿ ಈ ಮೂರೂ ದಿನಗಳು ಹಬ್ಬದ ದಿನಗಳ ಪಟ್ಟಿಯಲ್ಲಿದ್ದವು. ದುಡಿಯುವವರು ಆರಾಧನೆಗೆ ಬರಲಿ ಎಂದೇ ಕೆಲಸ ನಿಲ್ಲಿಸಲಾಗುತ್ತಿತ್ತು. ಅದೇ ಕಾಲದಲ್ಲಿ ಆರಾಧನೆಗಳ ಹೊತ್ತು ಮಾತ್ರ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿದು ಕೊನೆಗೆ ಬೆಳಗಿಗೆ ಬಂದು ನಿಂತಿತು. 1642ರಲ್ಲಿ ಪೋಪ್ ಎಂಟನೇ ಅರ್ಬನ್ ಹಬ್ಬಗಳ ಪಟ್ಟಿಯನ್ನು ಮೊಟಕುಗೊಳಿಸಿದಾಗ ಆ ಮೂರು ದಿನಗಳು ಕೆಲಸದ ದಿನಗಳಾಗಿಬಿಟ್ಟವು. ಅಲ್ಲಿಂದ ಮುಂದೆ ಗುರುಗಳು ದೇವಾಲಯದಲ್ಲಿ, ಜನ ದುಡಿಮೆಯಲ್ಲಿ. ಕತ್ತಲಲ್ಲಿ ಹೊಸ ಬೆಂಕಿ ಹೊತ್ತಿಸಿ "ಇದೇ ಆ ರಾತ್ರಿ" ಎಂದು ಹಾಡಬೇಕಾದ ಜಾಗರಣೆ, ಶನಿವಾರ ಹಾಡುಹಗಲಿನಲ್ಲಿ, ಬೆರಳೆಣಿಕೆಯ ಜನರ ಮುಂದೆ ನಡೆಯುತ್ತಿತ್ತು. ಇದು ಸರಿಹೋಗಲು ಮುನ್ನೂರು ವರ್ಷ ಹಿಡಿಯಿತು. ಪೋಪ್ ಹನ್ನೆರಡನೇ ಪಯಸ್ 1951ರಲ್ಲಿ ಮೊದಲು ಪ್ರಯೋಗವಾಗಿ ಜಾಗರಣೆಯನ್ನು ರಾತ್ರಿಗೆ ತಂದರು. ನಂತರ 1955ರಲ್ಲಿ ಇಡೀ ವಾರದ ವಿಧಿಗಳನ್ನೇ ಪರಿಷ್ಕರಿಸಿ ಗುರುವಾರದ ಬಲಿಪೂಜೆಯನ್ನು ಸಂಜೆಗೆ, ಶುಕ್ರವಾರದ ಆರಾಧನೆಯನ್ನು ಮಧ್ಯಾಹ್ನದ ನಂತರಕ್ಕೆ ಇರಿಸಿದರು. ದುಡಿಯುವವರು ಬರಲಾಗದ ಹೊತ್ತಿನಲ್ಲಿ ಆರಾಧನೆ ನಡೆದರೆ ಅದು ಯಾರಿಗಾಗಿ ಎಂಬ ಪ್ರಶ್ನೆ ಆ ಬದಲಾವಣೆಯ ಹಿಂದಿತ್ತು. ಕೆಲಸದ ಸಮಯಕ್ಕೂ ದೇವಾಲಯದ ಸಮಯಕ್ಕೂ ಇರುವ ಈ ತಿಕ್ಕಾಟ ನಮ್ಮ ಕಾಲದ್ದಲ್ಲ ಎಂದು ತಿಳಿದಾಗ, ಏಕೋ, ನನಗೆ ಬಹಳ ಧೈರ್ಯ ಬಂದಿತ್ತು.

ಇನ್ನು ಆ ವಾರ ಏನೇನು ನಡೆಯುತ್ತದೆ ಎಂಬುದು. ಈಸ್ಟರ್‌ನ ಹಿಂದಿನ ಭಾನುವಾರವಾದ ಗರಿಗಳ ಭಾನುವಾರ ಮುಗಿದ ಕೂಡಲೇ ಗಾಯನವೃಂದದ ಅಭ್ಯಾಸ ಬಿಗಿಯಾಗುತ್ತದೆ. ಪೀಠದ ವಸ್ತ್ರಗಳು ಒಗೆದು ಇಸ್ತ್ರಿಯಾಗಬೇಕು, ಹಿತ್ತಾಳೆ ದೀಪಸ್ತಂಭಗಳು ಉಜ್ಜಿ ಹೊಳೆಯಬೇಕು, ಜಾಗರಣೆಗೆ ಬರುವವರ ಕೈಗೆ ಮೇಣ ಬೀಳದಂತೆ ನೂರಾರು ಸಣ್ಣ ಮೋಂಬತ್ತಿಗಳಿಗೆ ಕಾಗದದ ಕೊರಳಪಟ್ಟಿ ತೊಡಿಸಬೇಕು. ಈ ಕೊನೆಯ ಕೆಲಸವನ್ನು ನಾವು ಗೆಳೆಯರು ಒಟ್ಟಿಗೆ ನೆಲದ ಮೇಲೆ ಕೂತು ಮಾಡುತ್ತೇವೆ. ಕೈಗಳಿಗೆ ಕೆಲಸವಿದ್ದಾಗ ಬಾಯಿಗೆ ಸಲೀಸಾಗಿ ಮಾತು ಬರುತ್ತದೆ. ಹೋಟೆಲಿನಲ್ಲಿ ಎದುರುಬದುರು ಕೂತು ಹೇಳಿಕೊಳ್ಳಲಾಗದ್ದನ್ನು, ಕೆಲಸ ಹೋದ ಸಂಗತಿಯನ್ನು, ತಂದೆಯ ಕಾಯಿಲೆಯನ್ನು, ಮುರಿದ ಮಾತುಕತೆಯನ್ನು, ಜನ ಕತ್ತರಿ ಹಿಡಿದು ತಲೆ ಬಗ್ಗಿಸಿಕೊಂಡೇ ಹೇಳಿಬಿಡುತ್ತಾರೆ. ಹೀಗೆ ಕೇಳಿಸಿಕೊಂಡ ಮಾತುಗಳಿಂದ ಗಟ್ಟಿಯಾದ ಸ್ನೇಹಗಳು ನನಗೆ ಹಲವು ಇವೆ.

ನಮ್ಮ ಗುಂಪಿನಲ್ಲಿ ದೇವರನ್ನು ನಂಬದ ಗೆಳೆಯನೂ ಇದ್ದಾನೆ. ಕುರ್ಚಿ ಜೋಡಿಸಲು, ಧ್ವನಿವರ್ಧಕದ ತಂತಿ ಎಳೆಯಲು ಬರುತ್ತಾನೆ. ಪಾಸ್ಕ ಜಾಗರಣೆಯಲ್ಲಿ ಹಳೆಯ ಒಡಂಬಡಿಕೆಯಿಂದ ಏಳು ವಾಚನಗಳಿವೆ. ಅಗತ್ಯವಿದ್ದಲ್ಲಿ ಅವುಗಳ ಸಂಖ್ಯೆ ಕಡಿಮೆ ಮಾಡಬಹುದು, ಆದರೆ ಇಸ್ರಯೇಲರು ಸಮುದ್ರ ದಾಟುವ ವಿಮೋಚನಾಕಾಂಡದ 14ನೇ ಅಧ್ಯಾಯವನ್ನು ಮಾತ್ರ ಬಿಡುವಂತಿಲ್ಲ. ಅದನ್ನು ಓದುವ ಪಾಲು ಈ ಸಲ ನನ್ನದಾಗಿತ್ತು. ಖಾಲಿ ದೇವಾಲಯದ ಕೊನೆಯ ಬೆಂಚಿನಲ್ಲಿ ಅವನನ್ನು ಕೂರಿಸಿ ಓದಿ ತೋರಿಸಿದೆ. "ನೀನು ಕಥೆ ಗೊತ್ತಿರುವವನ ಹಾಗೆ ಓದುತ್ತಿದ್ದೀಯ. ಹಿಂದೆ ಸೈನ್ಯ ಬರುತ್ತಿದೆ, ಮುಂದೆ ನೀರು. ಅವರಿಗೆ ದಾರಿ ತೆರೆಯುತ್ತದೆಂದು ಇನ್ನೂ ಗೊತ್ತಿಲ್ಲ" ಎಂದ. ನಂಬಿಕೆಯಿಲ್ಲದವನ ಕಿವಿ ನನಗೆ ಕೊಟ್ಟ ಆ ಸಲಹೆಯನ್ನು ನಾನು ಪ್ರವಚನಗಳಲ್ಲೂ ಕೇಳಿರಲಿಲ್ಲ. ಶನಿವಾರ ರಾತ್ರಿ ಹಾಗೆಯೇ ಓದಿದೆ. ದೇವಾಲಯದ ಬಾಗಿಲು ನಂಬುವವರಿಗೆ ಮಾತ್ರ ಎಂದುಕೊಂಡಿರುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರೊಡನೆ ನನಗೆ ಖಡಾಖಂಡಿತ ಭಿನ್ನಾಭಿಪ್ರಾಯವಿದೆ.

ಗುರುವಾರದ ಪಾದ ತೊಳೆಯುವ ವಿಧಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಯೇಸುಸ್ವಾಮಿ ಕಡೆಯ ಭೋಜನದ ವೇಳೆ ಶಿಷ್ಯರ ಪಾದ ತೊಳೆದದ್ದನ್ನು ಯೊವಾನ್ನನ ಶುಭಸಂದೇಶ 13ನೇ ಅಧ್ಯಾಯದಲ್ಲಿ ಹೇಳುತ್ತದೆ. ಬಹಳ ಕಾಲ ವಿಧಿಯ ಪ್ರಕಾರ ಇದಕ್ಕೆ ಪುರುಷರನ್ನೇ ಆರಿಸಬೇಕಿತ್ತು. 2016ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಅವರ ಇಚ್ಛೆಯಂತೆ ಹೊರಬಂದ ಆದೇಶ ಮಹಿಳೆಯರಿಗೂ ಅವಕಾಶ ಕೊಟ್ಟಿತು. ಈ ವರ್ಷ ಆರಿಸಲ್ಪಟ್ಟವರಲ್ಲಿ ನಮ್ಮ ನರ್ಸ್ ಗೆಳತಿಯೂ ಇದ್ದಳು. ಪಾಳಿ ಮುಗಿಸಿ ನೇರವಾಗಿ ಬಂದಿದ್ದಳು. ಕಾಲುಚೀಲ ತೆಗೆದಾಗ ಅದರ ಅಂಚಿನ ಗುರುತು ಕಣಕಾಲಿನ ಸುತ್ತ ಆಳವಾಗಿ ಮೂಡಿತ್ತು, ದಿನವಿಡೀ ನಿಂತ ಪಾದಗಳು ಊದಿಕೊಂಡಿದ್ದವು. ಗುರುಗಳು ಹೂಜಿಯಿಂದ ನೀರು ಹೊಯ್ದು, ಟವೆಲಿನಿಂದ ಒತ್ತಿ ಒರೆಸಿ, ಮುಂದಿನವರ ಕಡೆ ಸರಿದರು. ಅವಳು ಕಾಲನ್ನು ಹಿಂದಕ್ಕೆ ಎಳೆದುಕೊಳ್ಳದೆ ಒಂದು ಕ್ಷಣ ಹಾಗೆಯೇ ಇಟ್ಟುಕೊಂಡಿದ್ದಳು. ದಿನವಿಡೀ ಬೇರೆಯವರ ಮೈ ಒರೆಸುವವಳ ಪಾದವನ್ನು ಒಬ್ಬರು ಮಂಡಿಯೂರಿ ಒರೆಸಿದ್ದನ್ನು ಕಂಡಾಗ, ಆ ಅಧ್ಯಾಯದಲ್ಲಿ ಶಿಷ್ಯ ಪೇತ್ರ ಯಾಕೆ ಅಷ್ಟು ಗಾಬರಿಯಾಗಿ "ಬೇಡ" ಎಂದ ಎಂಬುದು ನನಗೆ ಅರ್ಥವಾಯಿತು.

ಶುಕ್ರವಾರ ಅವಳಿಗೆ ಮತ್ತೆ ಕೆಲಸವಿತ್ತು, ಬರಲಾಗಲಿಲ್ಲ. ಆಸ್ಪತ್ರೆ, ಬಸ್ಸು, ವಿದ್ಯುತ್ತು, ಕಾವಲು ಎಂದು ದುಡಿಯುವ ಎಷ್ಟೋ ಜನರಿಗೆ ಈ ವಾರ ರಜೆ ಎಂಬುದೇ ಇಲ್ಲ. ರಜೆ ಸಿಗುವ ನಮ್ಮಂಥವರು ಅದನ್ನು ದೇವಾಲಯದ ಕೆಲಸಕ್ಕೆ ಕೊಡಬೇಕು ಎಂದು ನಾನು ಒತ್ತಿ ಹೇಳುವುದು ಇವರನ್ನು ನೆನೆದೇ. ಪಾಳಿ ಮುಗಿಸಿ ಓಡಿಬರುವವರಿಗೆ ಕೂರಲು ಜಾಗ, ಕೈಗೊಂದು ಮೋಂಬತ್ತಿ, ಕಿವಿಗೆ ಕೇಳುವ ಹಾಗೆ ವಾಚನ ಸಿದ್ಧವಿರಬೇಕು. ಅಷ್ಟಾದರೂ ಮಾಡುವುದು ನಮ್ಮ ಪಾಲಿನ ಕೆಲಸ. ಜೊತೆಗೆ ನಮ್ಮ ಧರ್ಮಕೇಂದ್ರಗಳಿಗೂ ಒಂದು ಮಾತು. ಪ್ರತಿ ವರ್ಷ ಅವೇ ನಾಲ್ಕು ಜನ ಬೆನ್ನು ಮುರಿಯುವಂತೆ ದುಡಿಯುವುದು, ಉಳಿದವರು ಭಾನುವಾರ ಬಂದು ಅಲಂಕಾರ ಚೆನ್ನಾಗಿದೆ ಎನ್ನುವುದು ನಿಲ್ಲಬೇಕು. ಸಹಾಯ ಬೇಕು ಎಂದು ಪ್ರಕಟಣೆ ಓದಿದರೆ ಸಾಲದು, ಹೆಸರು ಹಿಡಿದು ಕರೆಯಬೇಕು. ನನ್ನನ್ನು ಹಾಗೆ ಕರೆದವರೊಬ್ಬರು ಇದ್ದುದರಿಂದಲೇ ನಾನು ಇವತ್ತು ಇದನ್ನು ಬರೆಯುತ್ತಿದ್ದೇನೆ.

ದಣಿವಿನ ವಿಷಯಕ್ಕೆ ಬರುತ್ತೇನೆ. ನಾಲ್ಕನೇ ಶತಮಾನದ ಕೊನೆಯಲ್ಲಿ ಎಜೀರಿಯಾ ಎಂಬ ಯಾತ್ರಿಕ ಮಹಿಳೆ ಜೆರುಸಲೇಮಿನಲ್ಲಿ ತಾನು ಕಂಡ ಪವಿತ್ರ ವಾರವನ್ನು ವಿವರವಾಗಿ ಬರೆದಿಟ್ಟಿದ್ದಾಳೆ. ಗುರುವಾರ ಜನ ರಾತ್ರಿಯಿಡೀ ಓಲಿವ್ ಗುಡ್ಡದಲ್ಲಿ ಪ್ರಾರ್ಥಿಸಿ, ನಸುಕಿಗೆ ಮುಂಚೆ ಗೆತ್ಸೆಮನಿಗೆ ಇಳಿದು, ಅಲ್ಲಿಂದ ನಡೆದು ನಗರ ಸೇರುತ್ತಾರೆ. ಚಿಕ್ಕ ಮಕ್ಕಳೂ ಜೊತೆಗಿದ್ದಾರೆ. ಉಪವಾಸ ಮತ್ತು ಜಾಗರಣೆಯಿಂದ ಎಲ್ಲರೂ ಸೋತಿದ್ದಾರೆ. ಬೆಳಗಾಗುವಾಗ ಬಿಷಪರು ಅವರಿಗೆ ಧೈರ್ಯ ಹೇಳಿ, ಸ್ವಲ್ಪ ಹೊತ್ತು ಮನೆಗೆ ಹೋಗಿ ಕುಳಿತುಕೊಳ್ಳಿ, ಮತ್ತೆ ಬನ್ನಿ, ಶಿಲುಬೆಯ ಮರವನ್ನು ನೋಡುವಿರಂತೆ ಎನ್ನುತ್ತಾರೆ. ಸಾವಿರದ ಆರುನೂರು ವರ್ಷಗಳ ಹಿಂದಿನ ಆ ಮಾತನ್ನು ಓದುವಾಗ ಅವರ ದಣಿವು ನನಗೆ ನೆರೆಮನೆಯವರದ್ದರಂತೆ ಪರಿಚಿತವೆನಿಸಿತು. ಆ ಬಿಷಪರು ದಣಿವನ್ನು ಹಳಿಯಲಿಲ್ಲ, ಹೊಗಳಲೂ ಇಲ್ಲ. ಜನರ ಮೈ ನೋಡಿ ಮಾತನಾಡಿದರು. ನಮ್ಮ ಗುಂಪಿನಲ್ಲೂ ಶನಿವಾರ ಮಧ್ಯಾಹ್ನ ಎಲ್ಲರನ್ನೂ ಬಲವಂತವಾಗಿ ಮಲಗಲು ಕಳುಹಿಸುವ ಹಿರಿಯರೊಬ್ಬರಿದ್ದಾರೆ. ಅವರಿಗೆ ಎದುರಾಡುವ ಧೈರ್ಯ ಯಾರಿಗೂ ಇಲ್ಲ.

ಕಚೇರಿಯಲ್ಲಿಯೂ ನಾನು ದಣಿಯುತ್ತೇನೆ. ಅಲ್ಲಿ ದಣಿದಾಗ ಮನುಷ್ಯರ ಮುಖ ನೋಡುವುದು ಬೇಡವೆನಿಸುತ್ತದೆ, ಬಾಗಿಲು ಹಾಕಿಕೊಂಡು ಕೂರುವ ಆಸೆಯಾಗುತ್ತದೆ. ಶನಿವಾರ ನಡುರಾತ್ರಿ ದೇವಾಲಯದ ಅಂಗಳದಲ್ಲಿ ಕಾಲು ಬಿದ್ದುಹೋಗುವಷ್ಟು ನೋಯುತ್ತಿದ್ದರೂ ಯಾರೊಬ್ಬರೂ ಮನೆಗೆ ಹೊರಡಲು ತಯಾರಿರಲಿಲ್ಲ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲವಿಡೀ ಬಾಯಿಗೆ ಬಾರದ ಅಲ್ಲೆಲೂಯವನ್ನು ಗಾಯನವೃಂದ ಮೂರು ಸಲ, ಪ್ರತಿ ಸಲವೂ ಸ್ವರ ಏರಿಸಿ ಹಾಡಿತ್ತು. ಮೂರನೆಯದಕ್ಕೆ ಹಿಂದಿನ ಸಾಲಿನವರ ದನಿ ನಮ್ಮದನ್ನು ಮೀರಿತ್ತು. ಗುರುವಾರದಿಂದ ಸುಮ್ಮನಿದ್ದ ಗಂಟೆಗಳು ಬಾರಿಸಿದ್ದವು. ಅದಾದ ಮೇಲೆ "ಹೋಗಿರಿ" ಎಂದಿದ್ದರು, ಆದರೂ ನಾವು ನಿಂತೇ ಇದ್ದೆವು. ಸಹೋದ್ಯೋಗಿಗೆ ನಾನು ಹೇಳಬೇಕೆಂದಿರುವ ಉತ್ತರ ಇದು. ನನಗೆ ವಿಶ್ರಾಂತಿಗೆಂದು ಬೇರೆ ರಜೆಗಳಿವೆ. ಇದು ಜನರೊಡನೆ ಒಂದಾಗಿ ದಣಿಯುವುದಕ್ಕೆ ಕೇಳಿ ಪಡೆದ ರಜೆ.

ಮುಂದಿನ ವರ್ಷ ಜೊತೆಯಾಗಬೇಕು ಎನ್ನುವವರು ಈಗಲೇ ಕ್ಯಾಲೆಂಡರ್ ತೆರೆಯಿರಿ. ಈ ಹಬ್ಬಕ್ಕೆ ನಿಂತ ತಾರೀಖಿಲ್ಲ. ಮಾರ್ಚ್ 21 ಅಥವಾ ಅದರ ನಂತರದ ಹುಣ್ಣಿಮೆ ಕಳೆದ ಮೊದಲ ಭಾನುವಾರ ಎಂಬುದು ಲೆಕ್ಕ. ಆ ಹುಣ್ಣಿಮೆಯನ್ನೂ ಆಕಾಶ ನೋಡಿ ಅಲ್ಲ, ದೇವಸಭೆಯ ಕೋಷ್ಟಕದಿಂದಲೇ ತಿಳಿಯುತ್ತಾರೆ. ಹಾಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಎಲ್ಲಿ ಬೇಕಾದರೂ ಬರಬಹುದು. ಈ ವರ್ಷ ಏಪ್ರಿಲ್ 5 ಆಗಿತ್ತು. 2027ರಲ್ಲಿ ಮಾರ್ಚ್ 28ಕ್ಕೇ ಬಂದುಬಿಡುತ್ತದೆ, ಅಂದರೆ ಗುರುವಾರ ಮಾರ್ಚ್ 25. ಕೊನೆಯ ಗಳಿಗೆಯಲ್ಲಿ ಕೇಳಿದರೆ ಯಾವ ಮೇಲಧಿಕಾರಿಯೂ ವಾರವಿಡೀ ಬಿಡುವು ಕೊಡುವುದಿಲ್ಲ. ನನ್ನ ಅರ್ಜಿ ಆಗಲೇ ಹೋಗಿದೆ. ನಮ್ಮ ನರ್ಸ್ ಗೆಳತಿಗೆ ಮುಂದಿನ ಸಲ ಶುಕ್ರವಾರದ ಪಾಳಿ ಬದಲಾಯಿಸಿಕೊಡಲು ಅವಳ ಜೊತೆ ಕೆಲಸ ಮಾಡುವವರೊಬ್ಬರು ಒಪ್ಪಿದ್ದಾರಂತೆ. ಶುಕ್ರವಾರ ಓದುವ ಯೊವಾನ್ನನ ಪಾಡುಗಳ (ಯೇಸುವಿನ ಯಾತನೆ ಮತ್ತು ಮರಣದ) ವಾಚನದಲ್ಲಿ ಒಂದು ಭಾಗವನ್ನು ಅವಳಿಗೇ ಓದಲು ಕೊಡಬೇಕು ಎಂದು ನಾವು ಗುರುಗಳನ್ನು ಕೇಳಿಕೊಂಡಿದ್ದೇವೆ.