ಕಣ್ಣು ಮುಚ್ಚಿದಾಗ ಕಂಡದ್ದೆಲ್ಲ ದರ್ಶನವಲ್ಲ

ಪಂಚೇಂದ್ರಿಯ ಮೀರಿದ ಅನುಭವ ಆಗದೆ ಅಧ್ಯಾತ್ಮವೇ ಇಲ್ಲ ಎಂದು ಲೇಖನವೊಂದರಲ್ಲಿ ಓದಿದೆ. ಆ ಲೇಖಕರ ಮಾತು ಒಪ್ಪಲಾಗದು. ಪತಂಜಲಿ ತಮ್ಮ ಯೋಗಸೂತ್ರದ ಮೂರನೇ ಭಾಗವಾದ ವಿಭೂತಿಪಾದದಲ್ಲಿ ದಿವ್ಯ ಶ್ರವಣ, ದಿವ್ಯ ದರ್ಶನಗಳನ್ನು ಹೇಳಿ, ಇವು ಸಮಾಧಿಗೆ ಅಡ್ಡಿ ಎಂದೂ ಅಲ್ಲೇ ಸೇರಿಸುತ್ತಾರೆ. ಗೀತೆಯ 15ನೇ ಅಧ್ಯಾಯ ಮನಸ್ಸನ್ನೇ ಆರನೆಯ ಇಂದ್ರಿಯವಾಗಿ ಎಣಿಸುತ್ತದೆ. ಐದು ಇಂದ್ರಿಯ ದಾಟಲು ಅತೀಂದ್ರಿಯ ಶಕ್ತಿಯೇನೂ ಬೇಡ.

ಗೋಕರ್ಣದ ಕಡೆ ಶಿಬಿರಗಳಿಗೆ ಬರುವವರು ಹೆಚ್ಚು ಮೋಸಹೋಗುವುದು ತ್ರಾಟಕದಲ್ಲಿ, ಅಂದರೆ ದೀಪದ ಜ್ವಾಲೆಯನ್ನು ರೆಪ್ಪೆ ಬಡಿಯದೆ ದಿಟ್ಟಿಸುವ ಅಭ್ಯಾಸದಲ್ಲಿ. ತುಪ್ಪದ ದೀಪ ಕಣ್ಣಿನ ಮಟ್ಟಕ್ಕೆ, ಒಂದು ತೋಳಿನಷ್ಟು ದೂರದಲ್ಲಿರಲಿ. ಕರಾವಳಿಯಲ್ಲಿ ಸಂಜೆ ಕಡಲ ಗಾಳಿ ಬೀಸುವುದರಿಂದ ಪಡುವಣ ಕಿಟಕಿ ಹಾಕಿ, ಫ್ಯಾನ್ ನಿಲ್ಲಿಸಿ. ಜ್ವಾಲೆ ಅಲುಗಿದರೆ ಕಣ್ಣೂ ಅದರ ಹಿಂದೆ ಓಡುತ್ತದೆ, ತಲೆನೋವು ಖಂಡಿತ. ಹೊಸಬರಿಗೆ ಒಂದೆರಡು ನಿಮಿಷ ಧಾರಾಳ. ಮೂರ್ಛೆರೋಗ ಇದ್ದವರು ಮಾಡಲೇಬಾರದು.

ಆಮೇಲೆ ಕಣ್ಣು ಮುಚ್ಚಿದರೆ ಬೆಳಕಿನ ಚುಕ್ಕೆ ಕಾಣುತ್ತದೆ, ಬಣ್ಣ ಬದಲಾಗುತ್ತ ಮಸುಕಾಗುತ್ತದೆ. ಇದನ್ನೇ ಕೆಲವರು 'ಮೂರನೇ ಕಣ್ಣು ತೆರೆಯಿತು' ಅಂತ ಸಂಭ್ರಮಿಸುವುದು! ಮುಚ್ಚಿದ ಕಣ್ಣುಗುಡ್ಡೆಯನ್ನು ನಿಧಾನ ಎಡಕ್ಕೆ ಹೊರಳಿಸಿ ನೋಡಿ. ಚುಕ್ಕೆಯೂ ಎಡಕ್ಕೆ ಸರಿದರೆ ಅದು ದಣಿದ ಅಕ್ಷಿಪಟಲದ ಉಳಿಕೆ ಚಿತ್ರ, ಅಷ್ಟೆ. ಹಾಗಂತ ವ್ಯರ್ಥವಲ್ಲ: ಚುಕ್ಕೆ ಮಾಯವಾಗುವವರೆಗೆ ಗಮನ ಅಲ್ಲೇ ನಿಂತಿತೇ, ಇಲ್ಲ ಅಡಿಕೆ ರೇಟಿನ ಕಡೆ ಹೋಯಿತೇ, ಅಭ್ಯಾಸದಲ್ಲಿ ನೋಡಬೇಕಾದದ್ದು ಅದನ್ನು.

ದಿವ್ಯ ಶ್ರವಣ ಅಂದುಕೊಳ್ಳುವ, ಕಿವಿಗೆ ಬೆರಳಿಟ್ಟಾಗ ಕೇಳುವ ಗುಂಯ್ ಸದ್ದೂ ಅಷ್ಟೇ, ಹೆಚ್ಚಿನಂಶ ತೋಳು, ಬೆರಳಿನ ಸ್ನಾಯುಗಳದ್ದು. ಬಿಗಿಯಾಗಿ ಒತ್ತಿದಷ್ಟೂ ಜಾಸ್ತಿ ಕೇಳುತ್ತದೆ.