ಬೋಸ್ನಿಯಾದ ಕೈ ಕಟ್ಟಿಹಾಕಿದ್ದು ಯಾರು?

ದಾಳಿಗೆ ಸಿಕ್ಕ ದೇಶಕ್ಕೆ ಶಸ್ತ್ರಾಸ್ತ್ರ ಕೊಡಬೇಕೋ ಬೇಡವೋ ಅನ್ನುವ ಮಾತು ಬಂದಾಗಲೆಲ್ಲ ‘ಉರಿಯುವ ಬೆಂಕಿಗೆ ತುಪ್ಪ ಸುರಿಯಬೇಡಿ’ ಅನ್ನುವವರು ಇದ್ದೇ ಇರುತ್ತಾರೆ. ಬಹಳ ವರ್ಷ ನಾನೂ ಹಾಗೇ ಅನ್ನುತ್ತಿದ್ದೆ. ಯುರೋಪಿನ ಬೋಸ್ನಿಯಾಕ್ಕೆ 1990ರ ದಶಕದ ಯುದ್ಧದಲ್ಲಿ ಆದದ್ದನ್ನು ಓದಿಕೊಂಡ ಮೇಲೆ ಆ ಮಾತು ಬಾಯಿಗೆ ಬರುತ್ತಿಲ್ಲ.

1991ರ ಸೆಪ್ಟೆಂಬರ್ 25. ಯುಗೊಸ್ಲಾವಿಯಾಕ್ಕೆ ಯಾರೂ ಶಸ್ತ್ರಾಸ್ತ್ರ ಕಳಿಸಬಾರದು ಅಂತ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ನಿರ್ಬಂಧ ಹೇರಿತು. 713ನೇ ನಿರ್ಣಯ, ಸರ್ವಾನುಮತ. ಆಗ ಮಂಡಳಿಯಲ್ಲಿದ್ದ ಭಾರತವೂ ಒಪ್ಪಿತ್ತು. ಆ ದಿನದ ಮಟ್ಟಿಗೆ ಅದನ್ನು ತಪ್ಪು ಅನ್ನಲಾರೆ. ಬೋಸ್ನಿಯಾ ಇನ್ನೂ ಸ್ವತಂತ್ರ ದೇಶವಾಗಿರಲಿಲ್ಲ, ಯುಗೊಸ್ಲಾವಿಯಾ ಒಕ್ಕೂಟದ ಭಾಗವಾಗಿತ್ತು. ಅದೇ ಒಕ್ಕೂಟದ ಕ್ರೊಯೇಷಿಯಾದಲ್ಲಿ ಹೊತ್ತಿಕೊಂಡ ಯುದ್ಧ ಹರಡದಿರಲಿ ಅನ್ನುವುದು ಎಲ್ಲರ ಆಸೆ.

ಎಂಟು ತಿಂಗಳಲ್ಲಿ ಎಲ್ಲ ಬದಲಾಯಿತು. 1992ರ ಮೇ 22ಕ್ಕೆ ಬೋಸ್ನಿಯಾ ವಿಶ್ವಸಂಸ್ಥೆಯ ಸದಸ್ಯ ದೇಶ. ಅಷ್ಟರಲ್ಲಾಗಲೇ ಅದರ ರಾಜಧಾನಿ ಸರಯೇವೊ, ಬೋಸ್ನಿಯಾ ಬೇರೆಯಾಗುವುದನ್ನು ಒಪ್ಪದ ಸರ್ಬ್ ಪಡೆಗಳ ಮುತ್ತಿಗೆಯಲ್ಲಿತ್ತು. ಯುಗೊಸ್ಲಾವ್ ಸೇನೆ ‘ವಾಪಸ್ ಹೋಗುತ್ತೇವೆ’ ಅಂದಿತು, ಆದರೆ ಟ್ಯಾಂಕು, ಫಿರಂಗಿ, ಬೋಸ್ನಿಯಾ ಮೂಲದ ಸರ್ಬ್ ಸೈನಿಕರನ್ನು ಅಲ್ಲೇ ಬಿಟ್ಟಿತು. ಅವೆಲ್ಲ ಬೋಸ್ನಿಯಾ ಸರ್ಬರ ಸೇನಾನಿ ರಾಟ್ಕೊ ಮ್ಲಾಡಿಚ್‌ನ ಪಡೆಯ ಪಾಲಾದವು. ಹೊಸ ದೇಶದ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ನಿರ್ಬಂಧ ಮಾತ್ರ ಹಾಗೇ ಮುಂದುವರಿಯಿತು. ಎಲ್ಲರಿಗೂ ಒಂದೇ ನಿಯಮ ಅಂದರು. ಒಬ್ಬನ ಉಗ್ರಾಣ ತುಂಬಿದೆ, ಇನ್ನೊಬ್ಬನದು ಖಾಲಿ. ಇಬ್ಬರ ಬಾಗಿಲಿಗೂ ಬೀಗ ಜಡಿದರೆ ಅದು ಯಾವ ಸೀಮೆಯ ನ್ಯಾಯ?

ಸರಯೇವೊದ ಜನ ಏನು ಮಾಡಿದರು ಗೊತ್ತಾ? ನೀರಿನ ಪೈಪು ಕತ್ತರಿಸಿ ಬಂದೂಕು ಮಾಡಿಕೊಂಡರು. 1993ರಲ್ಲಿ ವಿಮಾನ ನಿಲ್ದಾಣದ ಅಡಿಯಲ್ಲಿ ಹಾರೆ, ಸಲಿಕೆ ಹಿಡಿದು ಹಗಲು ರಾತ್ರಿ ಪಾಳಿಯಲ್ಲಿ ಸುರಂಗ ಅಗೆದರು. ಸುಮಾರು 800 ಮೀಟರ್ ಉದ್ದ, ಒಂದು ಮೀಟರ್ ಅಗಲ, ದೊಡ್ಡವರು ನೆಟ್ಟಗೆ ನಡೆಯಲಾಗದಷ್ಟು ತಗ್ಗು. ಒಳಗೆ ನೀರು ತುಂಬಿಕೊಳ್ಳುತ್ತಿತ್ತು. ಹಿಟ್ಟು, ಔಷಧಿ, ಮದ್ದುಗುಂಡು, ಗಾಯಾಳುಗಳು, ಎಲ್ಲ ಅದರಲ್ಲೇ. ವಿಶ್ವಸಂಸ್ಥೆಯ ಸದಸ್ಯ ದೇಶವೊಂದರ ರಾಜಧಾನಿ, ವಿಶ್ವಸಂಸ್ಥೆಯ ವಶದಲ್ಲಿದ್ದ ರನ್‌ವೇ ಕೆಳಗೆ ಬೆನ್ನು ಬಗ್ಗಿಸಿಕೊಂಡು ತೆವಳಬೇಕಾಯಿತು. ಮುತ್ತಿಗೆ ಮುಗಿಯುವ ಹೊತ್ತಿಗೆ 1,425 ದಿನ ಆಗಿತ್ತು. 2012ರಲ್ಲಿ ಆ ಊರಿನ ಮುಖ್ಯ ಬೀದಿಯಲ್ಲಿ ಸತ್ತವರ ನೆನಪಿಗೆ ಇಟ್ಟ ಕೆಂಪು ಕುರ್ಚಿಗಳು 11,541. ಮಕ್ಕಳಿಗಾಗಿ ಚಿಕ್ಕ ಕುರ್ಚಿಗಳನ್ನೂ ಇಟ್ಟಿದ್ದರು.

ನಿರ್ಬಂಧ ತೆಗೆಯುವ ಪ್ರಸ್ತಾಪ 1993ರ ಜೂನ್ 29ರಂದು ಭದ್ರತಾ ಮಂಡಳಿಯಲ್ಲಿ ಮತಕ್ಕೆ ಬಂತು. ಬೇಕಿದ್ದದ್ದು 9, ಬಿದ್ದದ್ದು 6. ಅಮೆರಿಕ, ಪಾಕಿಸ್ತಾನ, ಮೊರಾಕ್ಕೊ, ವೆನೆಜುವೆಲಾ, ಜಿಬೂಟಿ, ಕೇಪ್ ವರ್ಡೆ ಪರವಾಗಿ. ವಿರುದ್ಧ ಒಂದೂ ಇಲ್ಲ! ಉಳಿದ ಒಂಬತ್ತು ದೇಶಗಳು ತಟಸ್ಥ. ಬೇಡ ಅಂತ ಬಾಯಿಬಿಟ್ಟು ಹೇಳುವ ಹೊಣೆಯನ್ನೂ ಯಾರೂ ಹೊರಲಿಲ್ಲ ಅನ್ನುವುದೇ ನನಗೆ ಹೆಚ್ಚು ನೋವಾಗುವ ವಿಷಯ.

ಬ್ರಿಟನ್, ಫ್ರಾನ್ಸ್‌ಗಳ ಆತಂಕ ಸುಳ್ಳಲ್ಲ. ಅವರ ಸೈನಿಕರು ಶಾಂತಿಪಾಲನೆಗೆ ಅಲ್ಲೇ ಇದ್ದರು. 1995ರ ಮೇನಲ್ಲಿ ನ್ಯಾಟೊ ಬಾಂಬ್ ಹಾಕಿದಾಗ ಸರ್ಬ್ ಪಡೆ ನೂರಾರು ಶಾಂತಿಪಾಲಕರನ್ನು ಒತ್ತೆ ಇಟ್ಟುಕೊಂಡಿತು. ಬೋಸ್ನಿಯಾ ಸೇನೆಯವರೂ ಅಪರಾಧಗಳನ್ನು ಮಾಡಿದ್ದಾರೆ, ಅಲ್ಲಿನ ಇನ್ನೊಂದು ಸಮುದಾಯವಾದ ಕ್ರೊವಾಟರ ಜೊತೆಗೂ ಕಾದಾಡಿದ್ದಾರೆ. ಆಯುಧ ಕೊಟ್ಟರೆ ಅದು ಯಾರ ಎದೆಗೆ ತಿರುಗುತ್ತದೋ ಅನ್ನುವ ಭಯ ನನಗೂ ಇದೆ. ಆದರೆ ಕೊಡದಿದ್ದಾಗ ಏನಾಯಿತು ಅನ್ನುವುದು ಕಣ್ಣೆದುರಿಗಿದೆ. ಆ ಯುದ್ಧದಲ್ಲಿ ಸತ್ತವರು ಸುಮಾರು ಒಂದು ಲಕ್ಷ.

ಸಶಸ್ತ್ರ ದಾಳಿಯಾದರೆ ತನ್ನನ್ನು ತಾನು ಕಾಪಾಡಿಕೊಳ್ಳುವುದು ದೇಶದ ಸಹಜ ಹಕ್ಕು ಅನ್ನುತ್ತದೆ ವಿಶ್ವಸಂಸ್ಥೆಯ ಸನ್ನದಿನ 51ನೇ ವಿಧಿ. ಮಂಡಳಿ ಶಾಂತಿಗೆ ಅಗತ್ಯ ಕ್ರಮ ಕೈಗೊಳ್ಳುವವರೆಗೂ ಆ ಹಕ್ಕು ಇರುತ್ತದೆ. ಅಂದರೆ ‘ನೀನು ಆಯುಧ ಹಿಡಿಯಬೇಡ’ ಅಂದವರು ‘ನಾನು ಕಾಯುತ್ತೇನೆ’ ಅಂತಲೂ ಹೇಳಬೇಕು, ಹೇಳಿದಂತೆ ಕಾಯಬೇಕು. ಆಗದಿದ್ದರೆ ನಿರ್ಬಂಧ ತೆಗೆಯಬೇಕು. ನನ್ನ ನಿಲುವು ಇಷ್ಟೇ. ಈ ನಿರ್ಬಂಧ ಬೋಸ್ನಿಯಾದ ಆತ್ಮರಕ್ಷಣೆಯ ಹಕ್ಕನ್ನು ಕಸಿದುಕೊಂಡಿತು ಅಂತ 1999ರಲ್ಲಿ ಆಗಿನ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಕೋಫಿ ಅನ್ನಾನ್ ವರದಿಯೇ ಒಪ್ಪಿಕೊಂಡಿದೆ.

ಅದೇ ವರದಿಯಲ್ಲಿ ಪೂರ್ವ ಬೋಸ್ನಿಯಾದ ಸ್ರೆಬ್ರೆನಿಕಾ ಪಟ್ಟಣದ ಸಂಗತಿಯೂ ಇದೆ. 1993ರಲ್ಲಿ ಆ ಪಟ್ಟಣವನ್ನು ‘ಸುರಕ್ಷಿತ ಪ್ರದೇಶ’ ಅಂತ ಘೋಷಿಸಿದಾಗ ಅಲ್ಲಿನವರು ತಮ್ಮ ಒಂದಷ್ಟು ಆಯುಧಗಳನ್ನು ಶಾಂತಿಪಡೆಗೆ ಒಪ್ಪಿಸಿದ್ದರು. ಎಲ್ಲವನ್ನೂ ಅಲ್ಲ, ಕೊಟ್ಟದ್ದರಲ್ಲಿ ಎಷ್ಟೋ ಮೊದಲೇ ಕೆಟ್ಟುಹೋಗಿದ್ದವು. 1995ರ ಜುಲೈನಲ್ಲಿ ಸರ್ಬ್ ಪಡೆ ನುಗ್ಗಿದಾಗ ಅವನ್ನೇ ವಾಪಸ್ ಕೊಡಿ ಅಂತ ಕೇಳಿದರು. ಶಾಂತಿಪಡೆಯ ಡಚ್ ಕಮಾಂಡರ್ ಕೊಡಲಿಲ್ಲ. ಊರು ಕಾಯುವುದು ಶಾಂತಿಪಡೆಯ ಹೊಣೆ, ನಿಮ್ಮದಲ್ಲ ಅನ್ನುವುದು ಮೇಲಿನವರ ವಾದ. ಜುಲೈ 11ಕ್ಕೆ ಪಟ್ಟಣ ಬಿತ್ತು. ಮುಂದಿನ ಕೆಲವೇ ದಿನಗಳಲ್ಲಿ 8,000ಕ್ಕೂ ಹೆಚ್ಚು ಗಂಡಸರು, ಹುಡುಗರನ್ನು ಕೊಂದರು. ಆ ಹಳೇ ಬಂದೂಕುಗಳು ಕೈಗೆ ಬಂದಿದ್ದರೆ ಊರು ಉಳಿಯುತ್ತಿತ್ತು ಅಂತ ನಾನು ಹೇಳಲಾರೆ. ಆದರೆ ಕೊಡುವುದಿಲ್ಲ ಅನ್ನುವ ಹಕ್ಕು ಆ ದಿನ ಶಾಂತಿಪಡೆಗೆ ಇರಲಿಲ್ಲ.